ಆಸಿಡಕ್ಕ ಸಂಘ ಸೇರಿದ್ದು

ಎನಾಮೆಲ್ ಪಾತ್ರೆಗಳ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಆಸಿಡಕ್ಕ ಅಂತಲೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅವಳಿಗೆ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಬಿಳಿ ಕೋಟಿನ ತೋಳಿಗೆ ಸದಾ ಹುಳಿ ವಾಸನೆ ಅಂಟಿಕೊಂಡಿರುತ್ತಿತ್ತು, ನಾಲಿಗೆಯೂ ಅದಕ್ಕೆ ತಕ್ಕ ಹಾಗೆಯೇ ಇತ್ತು.

ಹನ್ನೊಂದು ವರ್ಷದಿಂದ ಅಲ್ಲಿನ ಪ್ರಯೋಗಾಲಯಕ್ಕೆ ಅವಳೊಬ್ಬಳೇ ರಸಾಯನಶಾಸ್ತ್ರಜ್ಞೆ. ಪ್ರಯೋಗಾಲಯ ಎಂದರೆ ಪಾತ್ರೆ ಸುಡುವ ಭಟ್ಟಿಯ ಹಿಂದಿನ ಒಂದು ಉದ್ದನೆಯ ಕೋಣೆ. ಭಟ್ಟಿಯ ಬಾಗಿಲು ತೆರೆದಾಗಲೆಲ್ಲ ಕೋಣೆಯ ಗಾಳಿ ಕಾದು, ಸೂಕ್ಷ್ಮ ತಕ್ಕಡಿಯ ಅಂಕಿಗಳು ಕುಣಿಯತೊಡಗುತ್ತಿದ್ದವು. ಹಾಗಾಗಿ ತೂಕ ಮಾಡುವ ಮುಂಚೆ ಅವಳು ಗೋಡೆಗೆ ಎರಡು ಸಲ ಗುದ್ದುವಳು. ಆಚೆ ಬದಿಯಿಂದ ಭಟ್ಟಿ ನೋಡಿಕೊಳ್ಳುವವನು ‘ಹೂಂ’ ಎಂದು ಕೂಗಿ, ಮತ್ತೊಂದು ಗುದ್ದು ಕೇಳಿಸುವ ತನಕ ಬಾಗಿಲು ಮುಟ್ಟುತ್ತಿರಲಿಲ್ಲ. ಇಡೀ ಕಾರ್ಖಾನೆಯಲ್ಲಿ ಅವಳ ಮಾತಿಗೆ ಎದುರಾಡದೆ ಕೇಳುತ್ತಿದ್ದವನು ಅವನೊಬ್ಬನೇ.

ರಸಾಯನಶಾಸ್ತ್ರಜ್ಞರ ಸಂಘದಿಂದ ವರ್ಷಕ್ಕೊಂದು ಲಕೋಟೆ ಅವಳ ಹೆಸರಿಗೆ ಬರುತ್ತಿತ್ತು. ‘ಮಾನ್ಯರೆ, ತಾವು ಇನ್ನೂ ನಮ್ಮ ಸದಸ್ಯರಾಗಿಲ್ಲ’ ಎಂದು ಶುರುವಾಗುವ ಒಂದು ಪತ್ರ, ಒಂದು ಫಾರಂ. ಅವಳು ಪತ್ರ ಓದುತ್ತಿರಲಿಲ್ಲ. ಹಾಳೆಯ ಹಿಂಬದಿ ಖಾಲಿ ಇರುತ್ತಿದ್ದುದರಿಂದ ಅದರ ಮೇಲೆ ಲೆಕ್ಕ ಮಾಡುತ್ತಿದ್ದಳು. ಒಬ್ಬರಿಗೊಬ್ಬರು ಶಾಲು ಹೊದಿಸಿ ಚಪ್ಪಾಳೆ ತಟ್ಟಿಕೊಳ್ಳುವ ಮುದುಕರ ಜೊತೆ ತನಗೇನು ಕೆಲಸ ಎಂಬುದು ಅವಳ ಅಂಬೋಣ.

ಹೀಗಿರುವಾಗ ಕಾರ್ಖಾನೆಗೆ ಹೊಸ ಕೆಂಪು ಬಣ್ಣ ಬಂತು.

ಬೇರೆ ಕಡೆಯಿಂದ ತರಿಸಿದ ಪುಡಿ. ಭಟ್ಟಿಯಿಂದ ಹೊರಬಂದ ಪಾತ್ರೆಗಳು ನಿಗಿನಿಗಿ ಹೊಳೆಯುತ್ತಿದ್ದವು. ಒಳಗೂ ಹೊರಗೂ ಅದೇ ಕೆಂಪು. ಮ್ಯಾನೇಜರ್ ಒಂದನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ. ಆಸಿಡಕ್ಕ ಪದ್ಧತಿಯಂತೆ ಹನ್ನೆರಡು ಪಾತ್ರೆ ಆರಿಸಿ, ವಿನೆಗರಿನಂಥ ತೆಳು ಅಸಿಟಿಕ್ ಆಮ್ಲ ತುಂಬಿ, ಗಾಜಿನ ಮುಚ್ಚಳ ಮುಚ್ಚಿ ಇಪ್ಪತ್ನಾಲ್ಕು ಗಂಟೆ ಬಿಟ್ಟಳು. ಮರುದಿನ ಆ ಆಮ್ಲವನ್ನು ಲೋಹ ಅಳೆಯುವ ಯಂತ್ರಕ್ಕೆ ಕೊಟ್ಟಳು. ಬಣ್ಣದಿಂದ ಬಿಟ್ಟುಕೊಂಡ ಕ್ಯಾಡ್ಮಿಯಂ, ಇರಬಹುದಾದ ಮಿತಿಗಿಂತ ಒಂಬತ್ತು ಪಟ್ಟು ಹೆಚ್ಚಿತ್ತು. ಕ್ಯಾಡ್ಮಿಯಂ ಎಂದರೆ ಮೂತ್ರಪಿಂಡಕ್ಕೆ ಹೋಗಿ ಮನೆ ಮಾಡಿಕೊಂಡು ಕೂರುವ ವಿಷ. ತಾನೇ ಎಲ್ಲೋ ಎಡವಿರಬೇಕು ಎಂದು ಅವಳು ಹೊಸ ಆಮ್ಲ ಬೆರೆಸಿದಳು, ಗಾಜಿನ ಸಾಮಾನುಗಳನ್ನೆಲ್ಲ ಮತ್ತೆ ತೊಳೆದಳು, ಬೇರೆ ಹನ್ನೆರಡು ಪಾತ್ರೆ ತಂದು ಮೊದಲಿನಿಂದ ಮಾಡಿದಳು. ಅದೇ ಒಂಬತ್ತು ಪಟ್ಟು.

ವರದಿ ಹಿಡಿದು ಮ್ಯಾನೇಜರ್ ಕೋಣೆಗೆ ಹೋದಳು. ಅವನು ಮಾರಾಟ ವಿಭಾಗದಿಂದ ಮೇಲೆ ಬಂದವನು. ಬಾಯಲ್ಲಿ ಸದಾ ಕೆಮ್ಮಿನ ಮಾತ್ರೆ ಚೀಪುತ್ತಿದ್ದ.

“ಪಾತ್ರೆಗೆ ಆಸಿಡ್ ಹಾಕಿ ಇಡೀ ದಿನ ಇಡೋರು ಯಾರಮ್ಮ?” ಅವನು ನಕ್ಕ. “ಯಾರಾದ್ರೂ ಆಸಿಡ್ ತಿಂತಾರಾ?”

“ಟೊಮೆಟೊ ತಿಂತಾರೆ ಸಾರ್. ನಿಂಬೆಹಣ್ಣು ಹಿಂಡ್ತಾರೆ. ಮಿಕ್ಕಿದ್ದನ್ನ ಅದೇ ಪಾತ್ರೇಲಿ ಮುಚ್ಚಿಟ್ಟು ನಾಳೆ ತಿಂತಾರೆ. ಅದಕ್ಕೇ ಈ ಪರೀಕ್ಷೆ ಇರೋದು.”

“ನೀರು ಹಾಕಿ ನೋಡಿ. ಒಂದು ಗಂಟೆ ಸಾಕು.”

“ವಿಷ ಇದೆಯಾ ಅಂತ ನೋಡ್ಬೇಕಾ, ಇಲ್ಲ ಅಂತ ಬರೀಬೇಕಾ? ಎರಡರಲ್ಲಿ ಒಂದು ಹೇಳಿ.”

ಮ್ಯಾನೇಜರ್ ಮಾತ್ರೆಯನ್ನು ಈ ದವಡೆಯಿಂದ ಆ ದವಡೆಗೆ ಹೊರಳಿಸಿದ. “ಇಟ್ಟು ಹೋಗಿ, ನೋಡೋಣ” ಎಂದ.

ಆರು ದಿನ ಕಳೆದ ಮೇಲೆ ರವಾನೆ ವಿಭಾಗದ ಗುಮಾಸ್ತ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, “ಅಕ್ಕ, ಕೆಂಪು ಪಾತ್ರೆ ಸರ್ಟಿಫಿಕೇಟ್ ಇನ್ನೊಂದು ಪ್ರತಿ ಬೇಕಿತ್ತು, ಲಾರಿಯವನದು ಹರಿದುಹೋಯ್ತಂತೆ” ಎಂದ. ಯಾವ ಸರ್ಟಿಫಿಕೇಟ್ ಎಂದು ಕೇಳಿದ್ದಕ್ಕೆ ಹರಿದ ಕಾಗದವನ್ನೇ ಚಾಚಿದ. ಕಾರ್ಖಾನೆಯ ಮುದ್ರೆ, ಅವಳ ಹೆಸರು, ಅದರ ಕೆಳಗೆ ಅವಳದೇ ಸಹಿ. ಹಳೆಯ ಯಾವುದೋ ವರದಿಯಿಂದ ಎತ್ತಿ ಕಂಪ್ಯೂಟರಿನಲ್ಲಿ ಅಂಟಿಸಿದ್ದು. ಕ್ಯಾಡ್ಮಿಯಂ ಎಂಬ ಸಾಲಿನ ಮುಂದೆ ‘ಕಂಡುಬಂದಿಲ್ಲ’ ಎಂದಿತ್ತು.

ಅವಳು ಆ ಕಾಗದವನ್ನು ಕಸಿದುಕೊಂಡಳು. ಕೈಗೆ ಸಿಕ್ಕಿದ ಕೆಂಪು ಪಾತ್ರೆಯೊಂದನ್ನು ಎತ್ತಿಕೊಂಡು ಅಂಗಳ ದಾಟಿ, ಬಾಗಿಲು ತಟ್ಟದೆ ಮ್ಯಾನೇಜರ್ ಕೋಣೆಗೆ ನುಗ್ಗಿದಳು.

“ಇದು ಯಾರ ಸಹಿ?”

“ನಿಧಾನಕ್ಕೆ ಮಾತಾಡಿ. ಹೊರಗೆ ಜನ ಇದ್ದಾರೆ.”

“ಇದ್ದರೆ ಕೇಳಲಿ! ನಾನು ಬರೆದದ್ದು ಒಂಬತ್ತು ಪಟ್ಟು. ನನ್ನ ಹೆಸರಲ್ಲಿ ಸುಳ್ಳು ಬರೆಯೋಕೆ ನಿಮಗೆ ಅಧಿಕಾರ ಕೊಟ್ಟೋರು ಯಾರು?”

“ಸಹಿ ಕಂಪನೀದು” ಎಂದ ಅವನು, ಮಗುವಿಗೆ ತಿಳಿಹೇಳುವವನ ಹಾಗೆ. “ನಿಮ್ಮ ಕೈಲಿ ಹಾಕಿಸ್ತೀವಿ ಅಷ್ಟೆ.”

ಅವಳು ಪಾತ್ರೆಯನ್ನು ಅವನ ಮೇಜಿನ ಮೇಲೆ ಬಲವಾಗಿ ಕುಕ್ಕಿದಳು. ಅಂಚಿನ ಎನಾಮೆಲ್ ಸಿಡಿದು ಚಕ್ಕೆಯೊಂದು ಅವನ ಕಾಗದಗಳ ಮೇಲೆ ಬಿತ್ತು. ಮಧ್ಯಾಹ್ನದ ಗಂಟೆ ಹೊಡೆಯುವ ಮುಂಚೆಯೇ ಅಮಾನತಿನ ಪತ್ರ ಅವಳ ಕೈ ಸೇರಿತು. ಮೇಲಧಿಕಾರಿಗೆ ಅಗೌರವ, ಕಂಪನಿಯ ಸ್ವತ್ತಿಗೆ ಹಾನಿ. ಕ್ಯಾಡ್ಮಿಯಂ ಎಂಬ ಪದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಹನ್ನೊಂದು ವರ್ಷದಲ್ಲಿ ಅಂಥ ಹೊತ್ತಿನಲ್ಲಿ ಅವಳು ಮನೆಗೆ ಬಂದದ್ದು ಅದೇ ಮೊದಲು. ಅಡುಗೆಮನೆಯಲ್ಲಿ ಅತ್ತೆ ಒಲೆಯ ಮುಂದೆ ನಿಂತು ಏನೋ ಕದಡುತ್ತಿದ್ದರು. ಟೊಮೆಟೊ ಬೇಯುವ ವಾಸನೆ. ಒಲೆಯ ಮೇಲೆ ನಿಗಿನಿಗಿ ಹೊಳೆಯುವ ಕೆಂಪು ಪಾತ್ರೆ.

“ಇದು ಎಲ್ಲಿಂದ ಬಂತು?” ಅವಳ ದನಿ ಅವಳಿಗೇ ಬೇರೆ ಯಾರದ್ದೋ ಅನ್ನಿಸಿತು.

“ನಿಮ್ಮ ಕಂಪನಿ ವ್ಯಾನಿನವರೇ ಕೊಟ್ಟು ಹೋದ್ರಲ್ಲೇ, ಹೋದ ವಾರ. ಕೆಲಸದೋರ ಮನೆಗೆಲ್ಲ ಒಂದೊಂದು ಕೊಟ್ಟಿದ್ದಾರಂತೆ. ಚೆನ್ನಾಗಿದೆ ಕಣೆ, ತಳ ಹಿಡಿಯೋದೇ ಇಲ್ಲ. ನಿನ್ನ ಗಂಡ ಮಧ್ಯಾಹ್ನ ಉಣ್ಣಲ್ಲ, ನನ್ನೊಬ್ಬಳ ಅಡುಗೆ ಇದರಲ್ಲೇ…”

ಅವಳು ಬಟ್ಟೆಯನ್ನೂ ಹಿಡಿಯದೆ ಕಾದ ಪಾತ್ರೆಯನ್ನು ಎತ್ತಿ ಮೋರಿಗೆ ಸುರಿದಳು. ಎರಡು ಬೆರಳು ಸುಟ್ಟವು. ಅತ್ತೆ ಮನೆ ಕಿತ್ತುಹೋಗುವ ಹಾಗೆ ಕೂಗಾಡಿದರು: “ನಿನಗೇನು ಹುಚ್ಚು ಹಿಡಿದಿದೆಯಾ? ತಿನ್ನೋ ಅನ್ನಕ್ಕೆ ಹೀಗಾ ಮಾಡೋದು?”

“ಎಷ್ಟು ದಿನ ತಿಂದ್ರಿ ಅತ್ತೆ? ಸರಿಯಾಗಿ ಹೇಳಿ. ಎಷ್ಟು ದಿನ?”

“ಒಂದು ವಾರ ಆಯ್ತು. ಏನೀಗ?”

ಅವಳು ಅಲ್ಲೇ ನೆಲದ ಮೇಲೆ ಕೂತು ದಿನ ಎಣಿಸಿದಳು. ಅಳು ಬರಲಿಲ್ಲ. ಹಲ್ಲು ಹಲ್ಲು ಕಚ್ಚಿಕೊಂಡಳು. ತಾನು ಎರಡನೇ ಸಲ ಪರೀಕ್ಷೆ ಮಾಡುತ್ತಿದ್ದ ದಿನಗಳಲ್ಲೇ, ತನ್ನ ವರದಿ ಮೇಜಿಗೆ ಬರುವ ಮೊದಲೇ, ಆ ಮ್ಯಾನೇಜರ್ ಕೆಲಸಗಾರರ ತೊಂಬತ್ತು ಮನೆಗೆ ಈ ವಿಷವನ್ನು ಉಡುಗೊರೆ ಎಂದು ಹಂಚಿ ಮುಗಿಸಿದ್ದ. ವರದಿ ಓದಿದ ಮೇಲಾದರೂ ಒಂದು ಮಾತು ಹೇಳಿ ಕಳಿಸಬಹುದಿತ್ತು. ಕಳಿಸಲಿಲ್ಲ.

ಮರುದಿನ ಬೆಳಿಗ್ಗೆಯೇ ಅವಳು ಕಾರ್ಮಿಕರ ಮನೆಗಳಿದ್ದ ಬೀದಿಗೆ ಹೋದಳು. ಬಾಗಿಲು ಬಾಗಿಲಿಗೂ ನಿಂತು ಹೇಳಿದಳು: ಆ ಕೆಂಪು ಪಾತ್ರೆ ಬಳಸಬೇಡಿ, ಅದರಲ್ಲಿ ವಿಷ ಇದೆ. ಕೆಲವರು ತಲೆಯಾಡಿಸಿ ಬಾಗಿಲು ಹಾಕಿಕೊಂಡರು. ಕೆಲವರು, “ನಮ್ಮ ಯಜಮಾನರು ಬಂದ ಮೇಲೆ ಕೇಳ್ತೀನಿ” ಎಂದರು. ಭಟ್ಟಿಯವನ ಹೆಂಡತಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಳು.

“ಗೇಟಲ್ಲಿ ನೋಟೀಸ್ ಹಾಕಿದ್ದಾರೆ ಅಕ್ಕ. ನಿಮ್ಮ ಲೆಕ್ಕ ತಪ್ಪಿತಂತೆ, ಅದಕ್ಕೇ ತೆಗೆದರಂತೆ. ಕೆಲಸ ಹೋಯ್ತು ಅಂತ ನಮ್ಮ ಕೆಲಸಕ್ಕೂ ಕಲ್ಲು ಹಾಕಬೇಡಿ. ಮಾಲು ವಾಪಸ್ ಬಂದ್ರೆ ಭಟ್ಟಿ ಆರಿಸ್ತಾರೆ. ಆಮೇಲೆ ಮಕ್ಕಳಿಗೆ ಏನು ಹಾಕಲಿ?”

ಒಳಗೆ ಕೂತಿದ್ದ ಭಟ್ಟಿಯವನು ತಲೆ ಎತ್ತಿ ನೋಡಲಿಲ್ಲ.

ಅವಳು ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಯನ್ನೇ ದಿಟ್ಟಿಸುತ್ತ ಕೂತಳು. ಗಂಡ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಮುಂದಿನ ಕೋಣೆಯೇ ಅವನ ಅಂಗಡಿ. ಮಿತಭಾಷಿ. ಅವನು ಬಿಚ್ಚಿಟ್ಟ ಯಂತ್ರಕ್ಕೆ ಎಣ್ಣೆ ಬಿಡುತ್ತಲೇ ಕೇಳಿದ: “ಎಷ್ಟು ಜನ ನಂಬಿದ್ರು?”

“ಒಬ್ಬರೂ ಇಲ್ಲ.”

“ನೀನೊಬ್ಬಳೇ ಕೂಗಿದ್ರೆ ಜಗಳಗಂಟಿ ಅಂತಾರೆ. ನಿನ್ನ ವಿದ್ಯೆ ಗೊತ್ತಿರೋರು ಇನ್ನೂ ನಾಲ್ಕು ಜನ ನಿಂತು ಅದನ್ನೇ ಹೇಳಿದ್ರೆ ಸುಳ್ಳು ಅನ್ನೋಕಾಗಲ್ಲ. ಅದೇನೋ ವರ್ಷ ವರ್ಷ ಕಾಗದ ಬರುತ್ತಲ್ಲ ನಿನಗೆ, ಯಾರವರು?”

“ಅವರಾ! ಟೀ ಕುಡಿಯೋ ಸಂಘ ಕಣ್ರೀ ಅದು.”

“ಟೀ ಕುಡಿಯೋರಿಗೆ ಕ್ಯಾಡ್ಮಿಯಂ ಅಂದ್ರೆ ಗೊತ್ತಿರಲ್ವಾ?”

ಅವಳು ಎದ್ದು ಹೋಗಿ ಹಳೆಯ ಕಾಗದಗಳ ಕಟ್ಟು ಬಿಚ್ಚಿ ವಿಳಾಸ ಹುಡುಕಿದಳು.

ಸಂಘದ ಕಚೇರಿ ಕನ್ನಡಕದ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗಲೇ ಅವಳ ಸಿಟ್ಟು ನೆತ್ತಿಗೇರಿತ್ತು. ಒಳಗೆ ಗೋಡೆಯ ಮೇಲೆ ಅಚ್ಚುಕಟ್ಟಾಗಿ ಚೌಕಟ್ಟು ಹಾಕಿಸಿದ ‘ಸದಸ್ಯತ್ವದ ಪ್ರಯೋಜನಗಳು’: ತಿಂಗಳ ಉಪನ್ಯಾಸ, ಗ್ರಂಥಾಲಯ, ಪತ್ರಿಕೆ, ಉದ್ಯೋಗ ಮಾಹಿತಿ, ಹೊಸ ವರ್ಷಕ್ಕೊಂದು ಡೈರಿ. ಒಬ್ಬರು ವಯಸ್ಸಾದ ಹೆಂಗಸು ಮೇಜಿನ ಮುಂದೆ ಕೂತು ಲಕೋಟೆಗಳಿಗೆ ವಿಳಾಸ ಬರೆಯುತ್ತಿದ್ದರು. ಅವರೇ ಕಾರ್ಯದರ್ಶಿ. ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಕಿಟಕಿ ಪಕ್ಕದಲ್ಲಿ ಒಬ್ಬ ಮುದುಕರು ದಿನಪತ್ರಿಕೆಯಲ್ಲಿ ಮುಖ ಹುದುಗಿಸಿದ್ದರು.

ಅವಳು ನಿಂತಲ್ಲೇ ಎಲ್ಲವನ್ನೂ ಒದರಿದಳು. ಪಾತ್ರೆ, ಒಂಬತ್ತು ಪಟ್ಟು, ಕಳ್ಳ ಸಹಿ, ಅತ್ತೆ, ತೊಂಬತ್ತು ಮನೆ. ಕಾರ್ಯದರ್ಶಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ, “ನೀವು ಸದಸ್ಯರಾ?” ಎಂದರು.

“ಅಲ್ಲ.”

“ಅಯ್ಯೋ. ನೆರವಿನ ಸಮಿತಿ ಇರೋದು ಸದಸ್ಯರಿಗೆ ಮಾತ್ರ.”

“ಹಾಗಾದ್ರೆ ಫಾರಂ ಕೊಡಿ.”

“ಇಬ್ಬರು ಸದಸ್ಯರು ಸೂಚಿಸಬೇಕು. ಆಮೇಲೆ ತಿಂಗಳ ಸಭೇಲಿ…”

“ತಿಂಗಳ ಸಭೆ!” ಅವಳು ಚೌಕಟ್ಟಿನತ್ತ ಕೈ ಚಾಚಿದಳು. “ಡೈರಿ ಕೊಡ್ತೀರಂತೆ! ನಮ್ಮ ಮನೇಲಿ ಎಪ್ಪತ್ತು ವರ್ಷದ ಹೆಂಗಸು ಒಂದು ವಾರ ವಿಷ ತಿಂದಿದ್ದಾರೆ, ನಾನು ಆ ಡೈರೀಲಿ ಏನು ಬರೆದುಕೊಳ್ಳಲಿ? ರಸಾಯನಶಾಸ್ತ್ರಜ್ಞರ ಸಹಿ ಕದ್ದು ವಿಷ ಮಾರ್ತಿದ್ದಾರೆ, ನಿಮಗೆ ಸೂಚಕರು ಬೇಕಾ? ಯಾಕಿದ್ದೀರಿ ನೀವು? ಯಾವ ಉದ್ಧಾರಕ್ಕೆ?”

ಕಿಟಕಿ ಪಕ್ಕದ ದಿನಪತ್ರಿಕೆ ಕೆಳಗಿಳಿಯಿತು. ಆ ಮುದುಕರು ನಲವತ್ತು ವರ್ಷ ಪೇಂಟ್ ಕಾರ್ಖಾನೆಯಲ್ಲಿ ದುಡಿದವರು. ಸಂಘದಲ್ಲಿ ಎಲ್ಲರಿಗೂ ಪೇಂಟ್ ತಾತ.

“ಕೂಗೋದು ಸರಿ ಕಣಮ್ಮ, ನಮ್ಮನ್ನ ಯಾರಾದ್ರೂ ಹೀಗೆ ಕೂಗಿ ಕೇಳಿ ತುಂಬಾ ವರ್ಷ ಆಗಿತ್ತು. ಫಾರಂ ಕೊಡಿ ಇಲ್ಲಿ, ಒಬ್ಬ ಸೂಚಕ ನಾನು.”

ಕಾರ್ಯದರ್ಶಿ ಡ್ರಾಯರಿನಿಂದ ಫಾರಂ ತೆಗೆದು, ಅವರಿಗೆ ಕೊಡುವ ಮುಂಚೆ ತಾವೇ ಸಹಿ ಹಾಕಿದರು. “ಎರಡನೇದು ನಾನು. ತಿಂಗಳ ಸಭೆ ಒಪ್ಪಿಗೆ ಆಮೇಲೆ ಕೊಡಲಿ. ಶನಿವಾರ ಮಧ್ಯಾಹ್ನ ಸಮಿತಿ ಕರೀತೀನಿ. ನಿಮ್ಮ ನೋಟ್‌ಬುಕ್ ತನ್ನಿ, ಪ್ರತಿಯಲ್ಲ, ಮೂಲ. ಕೂತ್ಕೊಳ್ಳಿ, ನಮ್ಮ ಟೀನೂ ಕುಡಿದು ಬೈಯಿರಿ.”

ಅವಳಿಗೆ ನಗು ಬರಲಿಲ್ಲ. ಆದರೂ ಕೂತಳು.

ಪುಣ್ಯಕ್ಕೆ ಅಮಾನತಿನ ದಿನ ಅವಳ ಕೈಚೀಲದಲ್ಲಿ ಆ ಹರಿದ ಸರ್ಟಿಫಿಕೇಟಿನ ಜೊತೆ ನೋಟ್‌ಬುಕ್ ಇತ್ತು. ಶನಿವಾರ ಅದನ್ನು ಮೇಜಿನ ಮೇಲಿಟ್ಟಳು. ಸುತ್ತ ಐದು ಜನ ಕೂತಿದ್ದರು: ಕಾರ್ಯದರ್ಶಿ, ಪೇಂಟ್ ತಾತ, ನೀರು ಪರೀಕ್ಷೆಯ ಪ್ರಯೋಗಾಲಯ ನಡೆಸುವ ಒಬ್ಬಾಕೆ, ಔಷಧ ಕಂಪನಿಯೊಂದರ ವಿಶ್ಲೇಷಕ, ಮತ್ತೆ ಚಿನ್ನದ ಚೌಕಟ್ಟಿನ ಕನ್ನಡಕ ಹಾಕಿದ್ದ, ಕಾರ್ಖಾನೆಗಳಿಗೆ ತಾಂತ್ರಿಕ ಸಲಹೆ ಕೊಡುವ ಒಬ್ಬ ಸಲಹೆಗಾರ.

ಅವಳು ಅಂದುಕೊಂಡದ್ದು ಸಮಾಧಾನದ ಮಾತಾಡಿ ಕಳಿಸುತ್ತಾರೆ ಎಂದು. ಅವರು ಪ್ರಶ್ನೆ ಕೇಳತೊಡಗಿದರು.

“ಬರೀ ಆಮ್ಲವನ್ನ ಯಂತ್ರಕ್ಕೆ ಕೊಟ್ಟು ನೋಡಿದ್ರಾ? ಅದರಲ್ಲೇ ಕ್ಯಾಡ್ಮಿಯಂ ಇದ್ದಿದ್ರೆ?” ನೀರಿನ ಪ್ರಯೋಗಾಲಯದಾಕೆ ಕೇಳಿದಳು.

“ಮೂರು ಸಲ. ಪುಟ ನಲವತ್ತೊಂದು.”

“ಯಂತ್ರವನ್ನ ಯಾವತ್ತು ಸರಿ ಹೊಂದಿಸಿದ್ದು?” ವಿಶ್ಲೇಷಕ ಕೇಳಿದ.

“ಅವತ್ತು ಬೆಳಿಗ್ಗೆ. ಮಧ್ಯಾಹ್ನ ಇನ್ನೊಂದು ಸಲ.”

“ಕೋಣೆಯ ಬಿಸಿ? ಭಟ್ಟಿ ಪಕ್ಕ ಅಂದ್ರಲ್ಲ, ಬಿಸಿ ಹೆಚ್ಚಿದ್ರೆ ಬಣ್ಣ ಹೆಚ್ಚು ಬಿಡುತ್ತೆ.” ಇದು ಪೇಂಟ್ ತಾತ.

“ಅದಕ್ಕೇ ಪಾತ್ರೆಗಳನ್ನ ಉಗ್ರಾಣದಲ್ಲಿ ಇಟ್ಟಿದ್ದೆ. ಗಂಟೆಗೊಂದು ಸಲ ಉಷ್ಣತೆ ಬರೆದಿದ್ದೀನಿ, ನೋಡಿ. ರಾತ್ರಿಯದನ್ನ ಕಾವಲುಗಾರನ ಹತ್ರ ಬರೆಸಿದ್ದೀನಿ.”

ಮೊದಲ ನಾಲ್ಕು ಪ್ರಶ್ನೆಗೆ ಅವಳಿಗೆ ಮೈ ಉರಿಯಿತು. ಇವರೂ ನಂಬುತ್ತಿಲ್ಲವಲ್ಲ ಎಂದು. ಐದನೆಯದಕ್ಕೆ ಅವಳೇ ಪುಟ ತಿರುಗಿಸಿ ಅವರ ಮುಂದಕ್ಕೆ ತಳ್ಳಿದಳು. ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಇಂಥ ಪ್ರಶ್ನೆ ಕೇಳಿರಲಿಲ್ಲ. ಅಂಕಿ ಚೆನ್ನಾಗಿದ್ದರೆ ಸಹಿ ಹಾಕು, ಇಲ್ಲದಿದ್ದರೆ ಮತ್ತೆ ನೋಡು, ಕಾರ್ಖಾನೆಗೆ ಗೊತ್ತಿದ್ದದ್ದು ಇಷ್ಟೇ. ತಾನು ಗಂಟೆ ಗಂಟೆಗೂ ಬರೆದಿಟ್ಟ ಉಷ್ಣತೆಯ ಸಾಲುಗಳ ಮೇಲೆ ಇನ್ನೊಬ್ಬ ವಿಶ್ಲೇಷಕನ ಬೆರಳು ನಿಧಾನವಾಗಿ ಇಳಿಯುವುದನ್ನು ನೋಡುತ್ತ ಅವಳು ತುಟಿ ಕಚ್ಚಿ ಕೂತಳು.

ಆಗ ಸಲಹೆಗಾರ ಗಂಟಲು ಸರಿಮಾಡಿಕೊಂಡ. “ಕೆಲಸ ಶುದ್ಧವಾಗಿದೆ, ಒಪ್ಪೋಣ. ಆದರೆ ಸಂಘ ಇದರಲ್ಲಿ ತಲೆ ಹಾಕಬೇಕಾ? ನಮ್ಮ ವಾರ್ಷಿಕ ಸಮ್ಮೇಳನಕ್ಕೆ ಸಭಾಂಗಣ ಕೊಡೋದು ಆ ಕಾರ್ಖಾನೆ ಮಾಲೀಕರೇ. ಒಳಗೊಳಗೇ ಮಾತಾಡಿ ಮುಗಿಸಬಹುದು. ನನಗೆ ಅವರು ಚೆನ್ನಾಗಿ ಗೊತ್ತು.”

“ಎಷ್ಟು ಚೆನ್ನಾಗಿ?” ಆಸಿಡಕ್ಕ ಕೇಳಿದಳು.

“ಅಂದ್ರೆ?”

“ಆ ಕೆಂಪು ಪುಡಿ ತರಿಸಿ ಅಂತ ಸಲಹೆ ಕೊಟ್ಟೋರು ಯಾರು? ಖರೀದಿ ಕಡತದಲ್ಲಿ ಒಂದು ಪತ್ರ ನೋಡಿದ್ದೆ. ಕೆಳಗಿದ್ದ ಹೆಸರು ಈಗ ನೆನಪಾಗ್ತಿದೆ.”

ಸಲಹೆಗಾರನ ಮುಖ ಬಿಳುಪೇರಿತು. “ನಿನ್ನೆ ಮೊನ್ನೆ ಸೇರಿದೋರು ನನ್ನ ಪ್ರಶ್ನೆ ಮಾಡೋದಾ?” ಎಂದು ಕಾರ್ಯದರ್ಶಿಯತ್ತ ತಿರುಗಿದ.

“ಸೇರಿದ ಮೇಲೆ ಎಲ್ಲರೂ ಒಂದೇ” ಎಂದರು ಅವರು. ನಿಯಮಗಳ ಪುಸ್ತಕ ಬಿಡಿಸಿ, ತರಗತಿಯಲ್ಲಿ ಓದುವ ದನಿಯಲ್ಲಿ ಓದಿದರು: “ಸದಸ್ಯರು ತಾವು ಕಾಣದ ಫಲಿತಾಂಶಕ್ಕೆ ಸಹಿ ಹಾಕತಕ್ಕದ್ದಲ್ಲ. ತಮ್ಮ ಲಾಭ ಇರುವ ವಿಷಯದಲ್ಲಿ ತೀರ್ಪು ಕೊಡತಕ್ಕದ್ದಲ್ಲ.” ಪುಸ್ತಕ ಮುಚ್ಚಿದರು. “ನೀವು ಹೊರಗೆ ಕೂತಿರಿ. ಟೀ ಕಳಿಸ್ತೀನಿ.”

ಅವನು ಹೊರಗೆ ಕೂರಲಿಲ್ಲ. ಮೆಟ್ಟಿಲು ಅದುರುವ ಹಾಗೆ ಇಳಿದು ಹೋದ.

ಉಳಿದ ನಾಲ್ವರು ತೀರ್ಮಾನ ಮಾಡಿದರು. ಅವಳ ಅಂಕಿಯನ್ನು ನಂಬಿ ಎಂದು ಯಾರಿಗೂ ಹೇಳುವುದು ಬೇಡ. ಮೂರು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ, ಮೂವರು ಬೇರೆ ಸದಸ್ಯರು, ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ತಿಳಿಯದಂತೆ ಪರೀಕ್ಷೆ ಮಾಡಲಿ. ಅದಕ್ಕೆ ಕನಿಷ್ಠ ಒಂಬತ್ತು ಪಾತ್ರೆ ಬೇಕು. ಅವಳ ಮನೆಯಲ್ಲಿದ್ದುದು ಒಂದು.

“ಬೀದೀಲಿ ನನಗೆ ಯಾರೂ ಕೊಡಲ್ಲ” ಎಂದು ಅವಳು ಮನೆಯಲ್ಲಿ ಹೇಳಿದಾಗ, ಮೋರಿಗೆ ಸುರಿದ ದಿನದಿಂದ ಅವಳೊಡನೆ ಸರಿಯಾಗಿ ಮಾತೇ ಬಿಟ್ಟಿದ್ದ ಅತ್ತೆ, ಮೂಲೆಯಿಂದ ಎರಡು ಚೀಲ ಎಳೆದುಕೊಂಡರು.

“ನಿನ್ನ ಬಾಯಿಗೆ ಯಾರು ಕೊಡ್ತಾರೆ? ನಾನು ಹೋಗ್ತೀನಿ.”

“ಅತ್ತೆ, ಅವರು ಅವಮಾನ ಮಾಡ್ತಾರೆ.”

“ಮಾಡಲಿ. ತಿಂದವಳು ನಾನು, ನೀನಲ್ಲ.”

ಅತ್ತೆ ಭಟ್ಟಿಯವನ ಮನೆಯ ಜಗಲಿಯ ಮೇಲೆ ಹೋಗಿ ಕೂತರಂತೆ. ವಿಷ ಎಂದೂ ಹೇಳಲಿಲ್ಲ, ಕಂಪನಿಯನ್ನೂ ಬೈಯಲಿಲ್ಲ. “ನಾನು ಒಂದು ವಾರ ಅದರಲ್ಲೇ ಉಂಡಿದ್ದೀನಿ ಕಣಮ್ಮ. ನನಗೆ ಏನಾಗಿದೆಯೋ ಗೊತ್ತಾಗಬೇಕು. ಸುಳ್ಳು ಅಂತ ಬಂದ್ರೆ ನನ್ನ ಸೊಸೇನ ನಾನೇ ಕರಕೊಂಡು ಬಂದು ನಿಮ್ಮ ಬಾಗಿಲಲ್ಲಿ ತಪ್ಪೊಪ್ಪಿಸ್ತೀನಿ. ನಿಜ ಅಂತ ಬಂದ್ರೆ ನೀನು ನಿನ್ನ ಮಕ್ಕಳನ್ನ ನೋಡ್ಕೋ” ಎಂದರಂತೆ. ಭಟ್ಟಿಯವನ ಹೆಂಡತಿ ಒಳಗೆ ಹೋಗಿ, ಆಗಷ್ಟೇ ತೊಳೆದಿಟ್ಟಿದ್ದ ಪಾತ್ರೆ ತಂದು ಚೀಲಕ್ಕೆ ಹಾಕಿದಳು. ಆಮೇಲೆ ತಾನೇ ಅತ್ತೆಯ ಜೊತೆ ಮುಂದಿನ ಮನೆಗೆ ನಡೆದಳು. ಸಂಜೆ ಹನ್ನೊಂದು ಪಾತ್ರೆ ಬಂದವು.

ಒಂದು ವಾರದ ಮೇಲೆ ಕಾರ್ಯದರ್ಶಿಯ ಮೇಜಿನ ಮೇಲೆ ಮೂರು ಮುಚ್ಚಿದ ಲಕೋಟೆ ಒಡೆದರು. ಎಂಟೂವರೆ ಪಟ್ಟು. ಒಂಬತ್ತು. ಒಂಬತ್ತೂಕಾಲು.

“ನಿಮ್ಮ ಕೈ ಸರಿಯಾಗೇ ಇದೆ” ಎಂದು ಪೇಂಟ್ ತಾತ ಮೆಲ್ಲಗೆ ಹೇಳಿದರು. ಸಂತೋಷಪಡಬೇಕಾದ ಗಳಿಗೆ. ಅವಳಿಗೆ ಆ ಮೂರು ಅಂಕಿ ನೋಡಿ ರಕ್ತ ಕುದಿಯಿತು. ತಾನು ತಪ್ಪಿದ್ದಿದ್ದರೆ ಚೆನ್ನಾಗಿತ್ತು, ಅತ್ತೆಯ ಹೊಟ್ಟೆಗೆ ಹೋದದ್ದು ಬರೀ ಟೊಮೆಟೊ ಆಗಿದ್ದಿದ್ದರೆ ಚೆನ್ನಾಗಿತ್ತು.

ಸಂಘ ತನ್ನ ಹಾಳೆಯ ಮೇಲೆ ಪತ್ರ ಬರೆದು, ಮೂರು ವರದಿ, ಅವಳ ನೋಟ್‌ಬುಕ್ಕಿನ ಪುಟಗಳು, ಕಳ್ಳ ಸರ್ಟಿಫಿಕೇಟಿನ ನಕಲು ಎಲ್ಲ ಲಗತ್ತಿಸಿ ಆರೋಗ್ಯ ಇಲಾಖೆಗೆ ಕೊಟ್ಟಿತು. ಇದೇ ಇಲಾಖೆಗೆ ಅವಳು ಅಮಾನತಾದ ಮರುದಿನವೇ ಒಂದು ಅರ್ಜಿ ಹಾಕಿದ್ದಳು. ಅದು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ. ಸಂಘದ ಪತ್ರಕ್ಕೆ ನಾಲ್ಕನೇ ದಿನ ತಪಾಸಕರು ಕಾರ್ಖಾನೆಯ ಗೇಟಿನಲ್ಲಿದ್ದರು. ಇದು ತಿಳಿದಾಗ ಅವಳು ಕಾರ್ಯದರ್ಶಿಯ ಮುಂದೆಯೇ ಸಿಡಿದಳು: “ಅದೇ ಅಂಕಿ, ಅದೇ ಮಾತು. ನಾನೊಬ್ಬಳು ಬರೆದಾಗ ಕಸದ ಬುಟ್ಟಿ, ನೀವು ನಾಲ್ಕು ಜನ ಬರೆದ್ರೆ ಜೀಪು!”

“ಹೌದು” ಎಂದರು ಅವರು. “ಆಗಬಾರದು. ಆಗುತ್ತೆ. ಅದಕ್ಕೇ ವರ್ಷ ವರ್ಷ ಆ ಲಕೋಟೆ ಕಳಿಸ್ತೀನಿ. ನೀವು ಅದರ ಹಿಂದೆ ಲೆಕ್ಕ ಬರೀತಿದ್ರಂತೆ, ಪಾತ್ರೆ ಕೊಡೋಕೆ ಬಂದಿದ್ದ ನಿಮ್ಮ ಗಂಡ ಹೇಳಿದ್ರು.”

ವಿಚಾರಣೆ ಇಲಾಖೆಯ ಕಚೇರಿಯಲ್ಲಿ ನಡೆಯಿತು. ಅವಳ ಎಡಕ್ಕೆ ಕಾರ್ಯದರ್ಶಿ, ಬಲಕ್ಕೆ ಸಂಘ ಗೊತ್ತುಮಾಡಿದ್ದ ವಕೀಲರು. ಮ್ಯಾನೇಜರ್ ಮೊದಲು ಸಹಿ ಅವಳದೇ ಎಂದ. ಸಾಕ್ಷಿಗೆ ಬಂದಿದ್ದ ನೀರಿನ ಪ್ರಯೋಗಾಲಯದಾಕೆ ಎರಡು ಕಾಗದವನ್ನು ಕಿಟಕಿಯ ಬೆಳಕಿಗೆ ಒಂದರ ಮೇಲೊಂದು ಹಿಡಿದು ತೋರಿಸಿದಳು. ಎರಡು ವರ್ಷದ ಹಿಂದಿನ ವರದಿಯ ಸಹಿ, ಈ ಸಹಿ. ಗೆರೆ ಗೆರೆಗೂ ಒಂದೇ. ಯಾವ ಮನುಷ್ಯನ ಕೈಯೂ ಹಾಗೆ ಎರಡು ಸಲ ಬರೆಯಲಾರದು. ಮ್ಯಾನೇಜರ್ ಕೆಮ್ಮಿದ. ಆಮೇಲೆ, ಮಾಲೀಕರು ಹೇಳಿದ ಹಾಗೆ ಮಾಡಿದೆ ಎಂದ. ಮಾಲೀಕರು ತಮಗೇನೂ ತಿಳಿಯದು, ತಾವು ತಜ್ಞರ ಸಲಹೆ ನಂಬಿದ್ದು ಎಂದು ಕೈ ತೊಳೆದುಕೊಂಡರು. ತಜ್ಞ ಎಂದರೆ ಆ ಚಿನ್ನದ ಕನ್ನಡಕ. ಅವನು ಊರಲ್ಲೇ ಇರಲಿಲ್ಲ.

ಕೆಂಪು ಪಾತ್ರೆಗಳನ್ನು ವಾಪಸ್ ತರಿಸಲು ಆದೇಶವಾಯಿತು. ಆರು ಸಾವಿರ ಹೊರಗೆ ಹೋಗಿತ್ತು, ಬಂದದ್ದು ಐದು ಸಾವಿರದ ಚಿಲ್ಲರೆ. ಉಳಿದವು ಯಾರ ಯಾರ ಒಲೆಯ ಮೇಲಿವೆಯೋ. ಮ್ಯಾನೇಜರ್ ಕೆಲಸ ಹೋಯಿತು, ಮಾಲೀಕರ ಕುರ್ಚಿ ಅಲ್ಲಾಡಲಿಲ್ಲ. ಸಂಘ ಸಲಹೆಗಾರನ ಸದಸ್ಯತ್ವ ಕಿತ್ತುಹಾಕಿತು; ಪರವಾಗಿ ಮೂವತ್ತೊಂದು ಮತ, ವಿರೋಧ ಇಪ್ಪತ್ತಾರು. ಆ ಇಪ್ಪತ್ತಾರು ಮುಖಗಳನ್ನು ಅವಳು ಒಂದೊಂದಾಗಿ ನೋಡಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಡಾಕ್ಟರು ಅತ್ತೆಯನ್ನೂ ಬೀದಿಯ ಎಲ್ಲರನ್ನೂ ಪರೀಕ್ಷಿಸಿ, ಬಳಸಿದ ದಿನ ಕಡಿಮೆಯಾದ್ದರಿಂದ ಭಯಪಡಬೇಕಿಲ್ಲ, ಒಂದು ವರ್ಷ ಬಂದು ತೋರಿಸುತ್ತಿರಿ ಎಂದರು. ಯಾರೊಬ್ಬರೂ ಯಾರ ಮನೆಗೂ ಬಂದು ತಪ್ಪಾಯಿತು ಎನ್ನಲಿಲ್ಲ.

ಮಾಲೀಕರು ಅವಳನ್ನು ಕರೆಸಿದರು. “ಆದದ್ದು ಆಯ್ತಮ್ಮ. ನಾವೆಲ್ಲ ಒಂದೇ ಮನೆಯೋರು. ನಾಳೆಯಿಂದ ಬನ್ನಿ. ಒಂದೇ ಮಾತು, ಮನೆ ವಿಷಯ ಮನೆಯೊಳಗೇ ಇರಲಿ. ಆ ಸಂಘಕ್ಕೆ ರಾಜೀನಾಮೆ ಕೊಟ್ಟುಬಿಡಿ.”

“ಮನೆಯೋರಿಗೆ ವಿಷ ಹಾಕಿದ್ರಲ್ಲ ಸಾರ್” ಎಂದಳು ಅವಳು. “ನಮ್ಮ ಅತ್ತೆ ನನ್ನ ಮೇಲೆ ದಿನಾ ಕೂಗಾಡ್ತಾರೆ. ಆದ್ರೆ ಒಂದು ದಿನಾನೂ ನನಗೆ ಗೊತ್ತಿಲ್ಲದ್ದನ್ನ ನನ್ನ ತಟ್ಟೆಗೆ ಹಾಕಿಲ್ಲ. ಅದು ಮನೆ. ಇದಲ್ಲ.”

ನೀರಿನ ಪ್ರಯೋಗಾಲಯದಾಕೆ ಅಷ್ಟು ಹೊತ್ತಿಗಾಗಲೇ ಅವಳನ್ನು ತನ್ನಲ್ಲಿಗೆ ಕರೆದಿದ್ದಳು. ಉಷ್ಣತೆ ಗಂಟೆಗೊಮ್ಮೆ ಬರೆದಿಡುವವರು ನನಗೆ ಬೇಕು ಎಂದಿದ್ದಳು.

ಕೋಟು, ಕನ್ನಡಕ, ಎರಡು ಪುಸ್ತಕ ತೆಗೆದುಕೊಂಡು ಆಸಿಡಕ್ಕ ಹಳೆಯ ಕೋಣೆಯಿಂದ ಹೊರಬಂದಳು. ಭಟ್ಟಿಯವನು ಬೆವರು ಒರೆಸಿಕೊಳ್ಳುತ್ತ ಎದುರಿಗೆ ನಿಂತ. ಅಷ್ಟು ದಿನದ ಮೇಲೆ ಮೊದಲ ಸಲ ಅವಳ ಮುಖ ನೋಡಿದ.

“ಅವತ್ತು ನಾನು ಒಳಗೇ ಕೂತಿದ್ದೆ ಅಕ್ಕ. ಎದ್ದು ಬರಲಿಲ್ಲ.”

“ನೋಡಿದೆ.”

“ನಿಮಗೆ ಸಂಘ ಇತ್ತು. ನಮಗೆ ಯಾರಿದ್ದಾರೆ?”

“ನನಗೂ ಇರಲಿಲ್ಲ ಕಣಯ್ಯ! ನಾನು ಹೋಗಿ ಸೇರಿದ್ದಕ್ಕೆ ಇದ್ದದ್ದು. ಇಲ್ಲಿ ತೊಂಬತ್ತು ಜನ ಇದ್ದೀರಿ. ಅಲ್ಲಿ ಮೇಜಿನ ಸುತ್ತ ಕೂತಿದ್ದು ನಾಲ್ಕೇ ಜನ.”

ಅವನ ಹಿಂದೆ ಓಡುವ ಸರಪಳಿಯ ಕೊಕ್ಕೆಗಳಿಗೆ ತೂಗುಹಾಕಿದ ಹೊಸ ಪಾತ್ರೆಗಳು ಸಾಲಾಗಿ ಭಟ್ಟಿಯಿಂದ ಹೊರಬರುತ್ತಿದ್ದವು. ಈ ಸಲ ನೀಲಿ. ಒಳಗೂ ಹೊರಗೂ ಗಾಢ ನೀಲಿ, ಇನ್ನೂ ಬಿಸಿಯಾಗಿ ಟಿಕ್ ಟಿಕ್ ಎನ್ನುತ್ತಿದ್ದವು.

“ಇದನ್ನ ಯಾರು ಪರೀಕ್ಷೆ ಮಾಡಿದ್ರು?” ಅವಳು ಕೇಳಿದಳು.

ಭಟ್ಟಿಯವನು ಸುತ್ತ ನೋಡಿದ. ಪಾತ್ರೆ ಇಳಿಸುತ್ತಿದ್ದವರು ಕೈ ನಿಲ್ಲಿಸಿದರು.

“ಕೇಳ್ತಿದ್ದೀನಲ್ಲ, ಯಾರು ಮಾಡಿದ್ರು?” ಅವಳು ದನಿ ಎತ್ತಿದಳು. “ನನ್ನ ಮುಖ ಏನು ನೋಡ್ತೀರಿ? ನಾನು ನಾಳೆಯಿಂದ ಇಲ್ಲಿರಲ್ಲ. ಹೋಗಿ ಅವರನ್ನ ಕೇಳಿ!”

ಒಂದು ಪಾತ್ರೆ ಕೊಕ್ಕೆಯಲ್ಲಿ ತೂಗುತ್ತ ಮುಂದೆ ಹೋಯಿತು, ಅದರ ಹಿಂದೆ ಇನ್ನೊಂದು. ಭಟ್ಟಿಯವನು ಕೈಗವಸು ಕಳಚಿ ಗೋಡೆಯ ಗುಂಡಿ ಒತ್ತಿದ. ಸರಪಳಿ ನಿಂತಿತು. ಅವನು ಕಚೇರಿಯ ಕಡೆ ನಡೆಯತೊಡಗಿದ. ಪಾತ್ರೆ ಇಳಿಸುತ್ತಿದ್ದವರಲ್ಲಿ ಇಬ್ಬರು, ಮತ್ತೆ ಒಬ್ಬ, ಅವನ ಹಿಂದೆ ಹೊರಟರು.